ಗೆರೆಯ ಮೇಲಿನ ಮಂಚ

ಆ ಮನೆಗೆ ಎರಡು ಬಾಗಿಲು. ಮುಂದಿನ ಬಾಗಿಲು ತೆಗೆದರೆ ಒಂದು ಊರು, ಹಿಂದಿನ ಬಾಗಿಲು ತೆಗೆದರೆ ಇನ್ನೊಂದು ಊರು. ನಡುವೆ ಮೂರು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಇದರಿಂದ ಯಾರಿಗೂ ತಲೆನೋವಾಗಿರಲಿಲ್ಲ. ಮನೆಗೆ ಬರುವ ಗಂಡಸರಿಗಂತೂ ಅನುಕೂಲವೇ ಆಗಿತ್ತು. ಈಚೆ ಊರಿಂದ ಬಂದವನು ಆಚೆ ಊರಿಗೆ ಇಳಿದು, ಅಲ್ಲೊಂದು ಟೀ ಕುಡಿದು, ಏನೋ ಘನಂದಾರಿ ಕೆಲಸಕ್ಕೆ ಪ್ರಯಾಣ ಹೋಗಿದ್ದವನ ಹಾಗೆ ಮನೆ ಸೇರಬಹುದಿತ್ತು.

ಮನೆಯಲ್ಲಿದ್ದವರು ಮೂವರು ಹೆಂಗಸರು. ಮೂವರದೂ ಮೈ ಮಾರುವ ಕಸುಬು. ಇದನ್ನು ಸುತ್ತಿಬಳಸಿ ಹೇಳಬೇಕಾಗಿಲ್ಲ. ಅವರೂ ಹೇಳುತ್ತಿರಲಿಲ್ಲ.

ಹಿರಿಯವಳನ್ನು ಎಲ್ಲರೂ ಆಕಳಿಕೆ ಅಕ್ಕ ಅಂತ ಕರೆಯುತ್ತಿದ್ದರು. ವಯಸ್ಸು ಐವತ್ತರ ಹತ್ತಿರ. ಎಂಥ ದೊಡ್ಡ ಮನುಷ್ಯ ಎದುರಿಗೆ ನಿಂತು ಮಾತು ಶುರು ಮಾಡಿದರೂ ಅವಳಿಗೆ ಆಕಳಿಕೆ ಬರುತ್ತಿತ್ತು. ಬೇಕಂತ ಮಾಡುತ್ತಿದ್ದದ್ದಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಹಿಂದಿನ ದಿನದ ಹಾಸುಬಟ್ಟೆಗಳನ್ನೆಲ್ಲ ಸೋಡಾ ಹಾಕಿ ಕುದಿಸಿ, ಕುಕ್ಕಿ, ಹಿಂಡಿ, ಹರವಿ, ಮೂರೂ ಕೋಣೆ ಗುಡಿಸಿ ಒರೆಸುವಷ್ಟರಲ್ಲಿ ಅವಳ ಮೊಣಕಾಲು ಎರಡೂ ಮುಷ್ಕರ ಹೂಡುತ್ತಿದ್ದವು. ಅದಾದ ಮೇಲೆ ಗಂಡಸರ ಮಾತು ಕೇಳುವ ಕೆಲಸ. ಈ ಕಸುಬಿನಲ್ಲಿ ಮೈಗಿಂತ ಹೆಚ್ಚು ಸವೆಯುವುದು ಕಿವಿ ಅಂತ ಅವಳ ಅಭಿಪ್ರಾಯ.

ಎರಡನೆಯವಳು ಪೇಪರಮ್ಮ. ಬ್ರೆಡ್ಡು ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವಳು, ಓದಿದ್ದನ್ನು ಇಡೀ ಮನೆಗೆ ಕೇಳುವ ಹಾಗೆ ಹೇಳುವವಳು. ಮೂರನೆಯವಳು ಗಿಡ್ಡಿ. ಮೂವತ್ತು ದಾಟಿದವಳು. ಆಳು ಗಿಡ್ಡ, ನಗು ಉದ್ದ. ನಕ್ಕರೆ ಎರಡೂ ಊರಿಗೆ ಕೇಳಬೇಕು.

ಒಂದು ದಿನ ಪೇಪರಮ್ಮ ಅಡುಗೆಮನೆ ಹೊಸ್ತಿಲಲ್ಲಿ ಕೂತು ಓದಿದಳು. ದೇಶ ಆಳುವ ದೊಡ್ಡ ಸರ್ಕಾರ ಆಜ್ಞೆ ಹೊರಡಿಸಿತ್ತು. ಮೈ ಮಾರುವ ಕಸುಬು ಸರಿಯೋ ತಪ್ಪೋ ಎಂಬುದನ್ನು ಇನ್ನು ಮೇಲೆ ಆಯಾ ಊರಿನ ಸಭೆಯೇ ತೀರ್ಮಾನಿಸಬೇಕು.

“ಅಂದ್ರೆ?” ಗಿಡ್ಡಿ ಕೇಳಿದಳು.

“ಅಂದ್ರೆ ದೊಡ್ಡವರಿಗೆ ಸಾಕಾಗಿದೆ. ಚಿಕ್ಕವರ ತಲೆಗೆ ಕಟ್ಟಿದಾರೆ.”

“ನಮ್ಮನ್ನ ಕೇಳಿದ್ರಂತಾ?”

ಪೇಪರಮ್ಮ ಕಾಗದ ತಿರುಗಿಸಿ ಹಿಂಬದಿ ನೋಡಿದಳು. “ಇಲ್ಲ. ಹಿಂದೆ ಸೋಪಿನ ಜಾಹೀರಾತಿದೆ ಅಷ್ಟೆ.”

ಅಕ್ಕ ಆಕಳಿಸಿದಳು.

ತಿಂಗಳೊಳಗೆ ಈಚೆ ಊರಿನ ಸಭೆ ಸೇರಿ, ಇರಲಿ ಬಿಡಿ, ತಪ್ಪಲ್ಲ ಅಂತ ತೀರ್ಮಾನಿಸಿತು. ಆಚೆ ಊರಿನ ಸಭೆ ಸೇರಿ, ತಪ್ಪು, ಘೋರ ತಪ್ಪು, ಜೈಲಿಗೆ ಹಾಕಬೇಕಾದ ತಪ್ಪು ಅಂತ ತೀರ್ಮಾನಿಸಿತು. ಆ ಸಭೆಯಲ್ಲಿ ಸಿಮೆಂಟ್ ಅಂಗಡಿಯವನೂ ಒಬ್ಬ ಸದಸ್ಯ. ನಿಷೇಧಕ್ಕೆ ಕೈ ಎತ್ತಿ ಅಂದಾಗ ಎರಡೂ ಕೈ ಎತ್ತಿದ. ಒಂದು ಸಾಕು ಸ್ವಾಮಿ ಅಂದರೂ ಇಳಿಸಲಿಲ್ಲವಂತೆ. ಪೇಪರಿನಲ್ಲಿ ಫೋಟೋ ಬಂದಿತ್ತು. ಯಾರೋ ಅವನಿಗೆ ಪಿಸ್ತೂಲು ತೋರಿಸಿದ ಹಾಗಿತ್ತು. ಅದನ್ನು ನೋಡಿ ಗಿಡ್ಡಿ ಗೋಡೆ ಹಿಡಿದುಕೊಂಡು ನಕ್ಕಳು. ಯಾಕೆಂದರೆ ಸಿಮೆಂಟ್ ಅಂಗಡಿಯವನು ಅವಳ ಹಳೇ ಗಿರಾಕಿ. ವಾರಕ್ಕೊಮ್ಮೆ, ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಲ್ಲಿ ತಪ್ಪದೆ ಬರುತ್ತಿದ್ದ.

ಮಾರನೇ ವಾರ ಸರ್ವೆಯವನು ಬಂದ. ಕೈಯಲ್ಲಿ ಟೇಪು, ಕೆಂಪು ಬಣ್ಣದ ಡಬ್ಬಿ, ಕುಂಚ. ಪಾಪದ ಮನುಷ್ಯ, ಯಾರ ಮುಖವನ್ನೂ ನೋಡದೆ ನೆಲ ನೋಡಿಕೊಂಡೇ ಮಾತಾಡಿದ.

“ಅಮ್ಮಾ, ಎರಡೂರಿನ ಗಡಿ ನಿಮ್ಮ ಮನೆಯೊಳಗೆ ಹಾದುಹೋಗುತ್ತೆ. ಗುರುತು ಮಾಡಬೇಕು. ಟೇಪಿನ ಈ ತುದಿ ಒಂಚೂರು ಹಿಡ್ಕೊಳ್ತೀರಾ?”

ಅಕ್ಕ ಹಿಡಿದುಕೊಂಡು ನಿಂತಳು. ತನ್ನ ಮನೆಯನ್ನು ಎರಡು ಹೋಳು ಮಾಡುವ ಕೆಲಸಕ್ಕೆ ತಾನೇ ಬಿಟ್ಟಿ ಕೂಲಿಯಾದಳು. ಗೆರೆ ಗಿಡ್ಡಿಯ ಕೋಣೆಯೊಳಗೆ ನುಗ್ಗಿ ಮಂಚದ ಅಡಿಯಿಂದ ಹಾದುಹೋಯಿತು. ಅಡುಗೆಮನೆ ಈಚೆ ಊರಿಗೆ, ಬಚ್ಚಲು ಆಚೆ ಊರಿಗೆ. ತಲೆದಿಂಬು ಈಚೆ ಊರಿಗೆ, ಕಾಲು ಚಾಚುವ ಕಡೆ ಆಚೆ ಊರಿಗೆ.

“ಅಂದ್ರೆ ಸೊಂಟದವರೆಗೆ ತಪ್ಪಿಲ್ಲ, ಕೆಳಗೆ ಜೈಲು,” ಅಂದಳು ಗಿಡ್ಡಿ.

ಸರ್ವೆಯವನ ಕಿವಿ ಅವನ ಡಬ್ಬಿಯ ಬಣ್ಣಕ್ಕೆ ತಿರುಗಿತು.

ಮಂಚವನ್ನು ಈಚೆ ಊರಿಗೆ ಎಳೆದರು. ಹಳೇ ಆಸ್ಪತ್ರೆಯ ಹರಾಜಿನಲ್ಲಿ ತಂದ ಕಬ್ಬಿಣದ ಮಂಚ ಅದು. ಆನೆ ಭಾರ. ಮೂವರೂ ಸೇರಿ ತಳ್ಳಿ, ಗೋಡೆಗೆ ಒತ್ತಿ ನಿಲ್ಲಿಸಿದ ಮೇಲೆ ಮಂಚದ ಅಂಚಿಗೂ ಗೆರೆಗೂ ನಡುವೆ ಒಂದು ಬೆರಳಿನ ಸಂದು ಉಳಿಯಿತು. ಕಾನೂನು ಪಾಲಿಸುವುದು ಇಷ್ಟು ಬೆನ್ನುನೋವಿನ ಕೆಲಸ ಅಂತ ಅಕ್ಕನಿಗೆ ಗೊತ್ತಿರಲಿಲ್ಲ.

ಆಮೇಲೆ ಎರಡು ಊರಿಂದಲೂ ಒಬ್ಬೊಬ್ಬ ಪೇದೆ ಬಂದರು. ಈಚೆ ಊರಿನವನಿಗೆ ಹೊಟ್ಟೆ ಮುಂದೆ, ಆಳು ಹಿಂದೆ. ಅವನು ಬೊಜ್ಜ. ಆಚೆ ಊರಿನವನು ಬೆಲ್ಟಿಗೆ ಹೊಸದಾಗಿ ನಾಲ್ಕು ತೂತು ಕೊರೆಸಿಕೊಂಡಿದ್ದವನು. ಅವನು ಕಡ್ಡಿ. ಬೊಜ್ಜ ಮುಂದಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡ, ಕಡ್ಡಿ ಹಿಂದಿನ ಬಾಗಿಲಲ್ಲಿ. ಹೆಂಗಸರು ಬಚ್ಚಲಿಗೆ ಹೋದಾಗಲೆಲ್ಲ ಕಡ್ಡಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು.

“ನಮ್ಮೂರಿನ ಹದ್ದಿನೊಳಗೆ ಬರ್ತಿರೋ ಉದ್ದೇಶ?”

“ಹೊಟ್ಟೆ ಸರಿಯಿಲ್ಲ,” ಅಂದಳು ಅಕ್ಕ.

ಅವನು ಬರೆದುಕೊಂಡ. ಐವತ್ತರ ಹೆಂಗಸು ಚೊಂಬು ಹಿಡಿದು ನಿಂತಿದ್ದಾಳೆ, ಮಗನ ವಯಸ್ಸಿನವನು ಹೊಟ್ಟೆ ಎಂಬ ಪದಕ್ಕೆ ಒತ್ತಕ್ಷರ ಹುಡುಕುತ್ತಿದ್ದಾನೆ. ನಗಬೇಕೋ ಅಳಬೇಕೋ ತಿಳಿಯದ ಇಂಥ ಹೊತ್ತುಗಳಲ್ಲಿ ಅಕ್ಕ ಯಾವುದನ್ನೂ ಮಾಡುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು.

ಸಿಮೆಂಟ್ ಅಂಗಡಿಯವನು ಅಭ್ಯಾಸ ಬಿಡಲಿಲ್ಲ. ಆಚೆ ಊರಿಂದ ಸುತ್ತು ಹಾಕಿ, ಮುಖಕ್ಕೆ ಟವೆಲು ಸುತ್ತಿಕೊಂಡು, ಈಚೆ ಊರಿನ ಬಾಗಿಲಿಂದ ಒಳಗೆ ಬಂದ. ಟವೆಲಿನ ಮೇಲೆ ಅವನ ಅಂಗಡಿಯದೇ ಹೆಸರು ಅಚ್ಚಾಗಿತ್ತು. ಬೊಜ್ಜ ಎದ್ದು ಸೆಲ್ಯೂಟ್ ಹೊಡೆದ.

ಒಳಗೆ ಅವನು ಮಂಚದ ಮೇಲೆ ಕೂತು ಬೂಟು ಕಳಚಿದ. ಬೂಟು ಗೆರೆಯಾಚೆ ಬಿತ್ತು. ಎದುರಿಗೆ ನಿಂತಿದ್ದ ಗಿಡ್ಡಿಗೆ ತಡೆಯಲಾಗಲಿಲ್ಲ.

“ಸ್ವಾಮಿ, ನೀವು ಬಚಾವು. ನಿಮ್ಮ ಬೂಟು ಮಾತ್ರ ಜೈಲಿಗೆ ಹೋಗುತ್ತೆ. ಎರಡೂ ಕೈ ಎತ್ತಿದ್ರಲ್ಲ, ಎರಡೂ ಬೂಟಿಗೆ ಶಿಕ್ಷೆ.”

ಅಂದವಳೇ ನಕ್ಕಳು. ಎರಡೂ ಊರಿಗೆ ಕೇಳುವ ಹಾಗೆ ನಕ್ಕಳು.

ಅವನು ಅವಳ ಬಲಗೈ ಹಿಡಿದ. ತಿರುಚಿದ. ಅವಳು ಬಿಡಿ ಅಂದಳು. ಅವನು ಬಿಡಲಿಲ್ಲ. ಇನ್ನೂ ತಿರುಚಿದ. ಒಣ ಸೌದೆ ಮುರಿದ ಹಾಗೆ ಸದ್ದಾಯಿತು.

ಗಿಡ್ಡಿ ಕೂಗಿದ್ದು ಬಾವಿಗೆ ಬಿದ್ದವರು ಕೂಗುವ ಹಾಗಿತ್ತು. ಬಟ್ಟೆ ಹರವುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. ಸಿಮೆಂಟ್ ಅಂಗಡಿಯವನು ಬೂಟು ಕೈಯಲ್ಲಿ ಹಿಡಿದು ಅವಳನ್ನು ದೂಡಿ ಮುಂದಿನ ಬಾಗಿಲಿಂದ ಹೊರಟುಹೋದ. ಬೊಜ್ಜ ಸ್ಟೂಲಿಂದ ಎದ್ದು, ಒಳಗೆ ಇಣುಕಿ, ಗೆರೆ ನೋಡಿ, ಮತ್ತೆ ಕೂತ. ಹಿಂದಿನ ಬಾಗಿಲಲ್ಲಿ ಕಡ್ಡಿ ಪುಸ್ತಕ ತೆಗೆದು ಬರೆದ: ‘ಕಿರುಚಿದ ಶಬ್ದ ಕೇಳಿಸಿತು. ಯಾವ ಊರಿನದೆಂದು ತಿಳಿಯಲಿಲ್ಲ.’

ಆಸ್ಪತ್ರೆಯಲ್ಲಿ ನರ್ಸು ಏನನ್ನೂ ಕೇಳಲಿಲ್ಲ. “ಕೈ ಮುರಿದಿದೆ, ಅಲುಗಾಡಿಸಬೇಡ” ಅಂದಳು. ಬ್ಯಾಂಡೇಜು ಕಟ್ಟಿ, ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದಳು. ಪೊಲೀಸು ಠಾಣೆಯಲ್ಲಿ ಮಾತ್ರ ಎಲ್ಲ ಕೇಳಿದರು.

“ಅವರು ಎಲ್ಲಿದ್ರು?” ಈಚೆ ಊರಿನ ಇನ್ಸ್‌ಪೆಕ್ಟರ್ ಕೇಳಿದ.

“ಮಂಚದ ಮೇಲೆ. ಈಚೆ ಊರಲ್ಲಿ,” ಅಂದಳು ಅಕ್ಕ.

“ಇವಳು?”

“ಗೆರೆಯಾಚೆ ನಿಂತಿದ್ಲು.”

“ಅಂದ್ರೆ ಪೆಟ್ಟಾಗಿದ್ದು ಆಚೆ ಊರಲ್ಲಿ. ಅಲ್ಲಿಗೆ ಹೋಗಿ.”

ಆಚೆ ಊರಿನ ಇನ್ಸ್‌ಪೆಕ್ಟರ್ ಇನ್ನೂ ಬುದ್ಧಿವಂತ. “ತಿರುಚಿದವನ ಕೈ ಎಲ್ಲಿತ್ತು? ಆ ಊರಲ್ಲಿ. ಅಪರಾಧ ಹೊರಟದ್ದು ಅಲ್ಲಿಂದ. ಅಲ್ಲಿಗೆ ಹೋಗಿ. ಮೇಲಾಗಿ ನಮ್ಮೂರಲ್ಲಿ ಈ ಕಸುಬೇ ಇಲ್ಲ. ಇಲ್ಲದ ಕಸುಬಿನವಳಿಗೆ ಪೆಟ್ಟು ಹೇಗಾಗುತ್ತೆ?”

“ಆಗಿದೆಯಲ್ಲ ಸ್ವಾಮಿ,” ಅಂತ ಗಿಡ್ಡಿ ಪ್ಲಾಸ್ಟರ್ ಎತ್ತಿ ತೋರಿಸಿದಳು.

“ಅದನ್ನ ಕಾನೂನು ನೋಡಲ್ಲಮ್ಮ.”

ನಾಲ್ಕು ಸಲ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ನಡೆದರು. ಗಿಡ್ಡಿಯ ಬೆರಳುಗಳು ಊದಿಕೊಂಡಿದ್ದವು. ಐದನೇ ಸಲಕ್ಕೆ ಎರಡೂ ಠಾಣೆಯವರು ಒಟ್ಟಿಗೆ ಬಂದು ಒಂದು ಕೆಲಸ ಮಾಡಿದರು. ದೂರು ಬರೆದುಕೊಳ್ಳಲಿಲ್ಲ. ಮಂಚಕ್ಕೆ ಸೀಲು ಹಾಕಿದರು. ಕೆಂಪು ಟೇಪು ಸುತ್ತಿ, ನಾಲ್ಕೂ ಕಾಲಿಗೆ ಅರಗು ಅಂಟಿಸಿ, ಇದು ಸಾಕ್ಷಿ, ಯಾರೂ ಮುಟ್ಟಬಾರದು ಅಂದರು.

“ದೂರೇ ಇಲ್ಲದ ಮೇಲೆ ಸಾಕ್ಷಿ ಯಾತರದ್ದು?” ಪೇಪರಮ್ಮ ಕೇಳಿದಳು.

“ಮುಂದೆ ಬೇಕಾಗಬಹುದು,” ಅಂದ ಇನ್ಸ್‌ಪೆಕ್ಟರ್.

ಗಿಡ್ಡಿ ನೆಲದ ಮೇಲೆ ಮಲಗಿದಳು. ಅಕ್ಕ ಅವಳ ತಲೆ ಬಾಚಿದಳು, ಮೈ ತೊಳೆಸಿದಳು, ತುತ್ತು ಮಾಡಿ ತಿನ್ನಿಸಿದಳು. ಗಿಡ್ಡಿ ನಗುವುದನ್ನು ನಿಲ್ಲಿಸಿಬಿಟ್ಟಿದ್ದಳು. ಮನೆಯೊಳಗೆ ಅದೊಂದು ದೊಡ್ಡ ಸದ್ದಿನ ಹಾಗೆ ಕೇಳಿಸುತ್ತಿತ್ತು. ಅಕ್ಕನಿಗೆ ಆ ವಾರವೆಲ್ಲ ಒಂದು ಆಕಳಿಕೆಯೂ ಬರಲಿಲ್ಲ.

ಎರಡು ಊರಿನ ಜಗಳ ಅಷ್ಟರಲ್ಲಿ ಪೇಪರಿಗೆ ಬಂತು. ದೊಡ್ಡ ಸರ್ಕಾರಕ್ಕೆ ಮುಜುಗರವಾಯಿತು. ಈ ಕಸುಬಿನ ತೀರ್ಮಾನ ಮಾಡಬೇಕಾದವರು ದೊಡ್ಡ ಸರ್ಕಾರವೋ ಊರಿನ ಸಭೆಯೋ ಎಂದು ತೀರ್ಮಾನ ಮಾಡಲು ಒಂದು ಸಮಿತಿ ನೇಮಿಸಿತು. ಸಮಿತಿ ಈಚೆ ಊರಿನ ಪುರಭವನದಲ್ಲಿ ಎಲ್ಲರ ಅಭಿಪ್ರಾಯ ಕೇಳುತ್ತದೆ ಅಂತ ಪ್ರಕಟಣೆ ಬಂತು. ಪೇಪರಮ್ಮ ಕೂಡಲೇ ಅರ್ಜಿ ಬರೆದಳು. ನಾವು ಮೂವರು ಅದೇ ಕಸುಬಿನವರು, ನಮಗೂ ಹೇಳುವುದಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಅದನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ಅಕ್ಕನ ಕೈಗೆ ಕೊಟ್ಟಳು.

‘ಸಭಾಂಗಣದಲ್ಲಿ ಆಸನಗಳ ಕೊರತೆ ಇರುವುದರಿಂದ ತಮ್ಮ ಮನವಿಯನ್ನು ಪರಿಗಣಿಸಲಾಗದು.’

ಅಕ್ಕ ಎರಡು ಸಲ ಓದಿದಳು.

“ಏನಂತೆ ಕೊರತೆ?”

“ಕುರ್ಚಿ ಸಾಲದಂತೆ.”

ಅಕ್ಕ ಮಂಚದ ಕಡೆ ನೋಡಿದಳು. ಆಮೇಲೆ ಎದ್ದು, ತರಕಾರಿ ಹೆಚ್ಚುವ ಚಾಕು ತಂದು, ಕೆಂಪು ಟೇಪನ್ನು ಪರ್ ಎಂದು ಕೊಯ್ದಳು. ಅರಗನ್ನು ಹಿಮ್ಮಡಿಯಲ್ಲಿ ಒದ್ದಳು.

“ಪೇಪರಮ್ಮಾ, ಆ ಕಡೆ ಹಿಡಿ.”

“ಎಲ್ಲಿಗಕ್ಕಾ?”

“ಕುರ್ಚಿ ಸಾಲದು ಅಂದ್ರಲ್ಲ. ನಮ್ಮ ಆಸನ ನಾವೇ ತಗೊಂಡು ಹೋಗೋಣ.”

ಇಬ್ಬರು ಎತ್ತಿದರೆ ಮಂಚ ಒಂದು ಗೇಣು ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಅಕ್ಕನ ಮೊಣಕಾಲಲ್ಲಿ ಬೆಂಕಿ ಬಿತ್ತು. ಆದರೂ ಎಳೆದು, ಒರಗಿಸಿ, ಓರೆ ಮಾಡಿ, ಮುಂದಿನ ಬಾಗಿಲು ದಾಟಿಸಿದರು. ಬೊಜ್ಜ ಹೌಹಾರಿ ಎದ್ದ.

“ಏಯ್! ಅದು ಸರ್ಕಾರದ ಸಾಕ್ಷಿ! ನನ್ನ ವಶದಲ್ಲಿರಬೇಕು!” ಅಂತ ಮಂಚದ ಒಂದು ಕಾಲು ಹಿಡಿದುಕೊಂಡ.

ಹಿಂದಿನ ಬಾಗಿಲಿಂದ ಕಡ್ಡಿ ಓಡಿಬಂದ. “ನಿನ್ನ ವಶದಲ್ಲಿ ಯಾಕೆ? ಅರ್ಧ ಸೀಲು ನಮ್ಮೂರಿಂದು!” ಅಂತ ಇನ್ನೊಂದು ಕಾಲು ಹಿಡಿದುಕೊಂಡ.

“ಬಿಡಬೇಡಿ ಮತ್ತೆ,” ಅಂದಳು ಅಕ್ಕ.

ಇಬ್ಬರೂ ಬಿಡಲಿಲ್ಲ. ಬಿಟ್ಟರೆ ಮಂಚ ಇನ್ನೊಬ್ಬನ ವಶಕ್ಕೆ ಹೋಗುತ್ತದಲ್ಲ. ಹಾಗಾಗಿ ಮುಂದೆ ಅಕ್ಕ, ಪೇಪರಮ್ಮ, ಹಿಂದೆ ಬೊಜ್ಜ, ಕಡ್ಡಿ. ಮಂಚ ಹಗುರಾಗಿ ಎದ್ದು ರಸ್ತೆಗಿಳಿಯಿತು. ಮುಂಭಾಗದಲ್ಲಿ ಗಿಡ್ಡಿ ಪ್ಲಾಸ್ಟರ್ ಕೈ ಎದೆಗೊತ್ತಿಕೊಂಡು ನಡೆದಳು.

ಹಗಲು ಹನ್ನೊಂದು ಗಂಟೆ. ಬೇಕರಿ ಮುಂದೆ, ಸೈಕಲ್ ರಿಪೇರಿ ಅಂಗಡಿ ಮುಂದೆ, ಬಸ್ ನಿಲ್ದಾಣದ ಮುಂದೆ ಮಂಚ ಹೋಯಿತು. ಇಬ್ಬರು ಪೊಲೀಸರು ಹೊತ್ತಿದ್ದಾರೆಂದ ಮೇಲೆ ಇದು ಸರ್ಕಾರಿ ಕೆಲಸವೇ ಇರಬೇಕು ಅಂತ ಜನ ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿ ತೆಗೆದು ತಲೆ ಬಾಗಿಸಿದ. ಯಾರೋ ಸತ್ತಿದ್ದಾರೆ ಅಂದುಕೊಂಡಿರಬೇಕು. ಬೊಜ್ಜ ಏದುಸಿರು ಬಿಡುತ್ತಿದ್ದ.

“ಅಕ್ಕಾ, ಎರಡು ನಿಮಿಷ ಇಳಿಸೋಣ್ವಾ?”

“ಇಳಿಸೋ ಅಧಿಕಾರ ನಿಂಗಿದೆಯೋ, ಕಡ್ಡಿಗಿದೆಯೋ? ಮೊದಲು ಅದನ್ನ ತೀರ್ಮಾನ ಮಾಡ್ಕೊಳ್ಳಿ.”

ಇಬ್ಬರೂ ಅದನ್ನು ಚರ್ಚಿಸುತ್ತಾ ಪುರಭವನದವರೆಗೂ ಹೊತ್ತರು.

ಮುಂದಿನ ಗೇಟಿನಲ್ಲಿ ಕಾವಲಿನವನು ತಡೆದ. ಪಾಸು ಇಲ್ಲದೆ ಬಿಡಲ್ಲ ಅಂದ. ಮಂಚ ಹಿಂದಿನ ಬಾಗಿಲಿಗೆ ಸುತ್ತಿಬಂತು. ಅಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದವಳು ಅಕ್ಕನ ಒಡಹುಟ್ಟಿದ ತಂಗಿ.

ತಂಗಿ ಆ ಪುರಭವನದಲ್ಲಿ ಕಸ ಗುಡಿಸುವವಳು. ಅಕ್ಕನ ಕಸುಬಿನ ವಿಷಯ ಗಂಡನ ಮನೆಗೆ ಗೊತ್ತಾದ ದಿನದಿಂದ ಮಾತು ಬಿಟ್ಟಿದ್ದಳು. ಹನ್ನೊಂದು ವರ್ಷ. ದಾರಿಯಲ್ಲಿ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದಳು. ಈಗ ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ಅಕ್ಕನನ್ನು ನೋಡಿದಳು. ಅಕ್ಕನ ನಡುಗುವ ಮೊಣಕಾಲು ನೋಡಿದಳು. ಗಿಡ್ಡಿಯ ಕೈ ನೋಡಿದಳು. ಕಣ್ಣು ಅಲ್ಲೇ ನಿಂತಿತು.

“ಈಗಷ್ಟೇ ಒರೆಸಿದೀನಿ,” ಅಂದಳು. “ಎಳೀಬೇಡಿ. ಎತ್ತಿಕೊಂಡೇ ಹೋಗಿ.”

ಅಂದು ಬಾಗಿಲಿನ ಎರಡೂ ಕದ ತೆರೆದಳು. ಅಕ್ಕ ಮಂಚವನ್ನು ನೆಲಕ್ಕೆ ತಾಗದ ಹಾಗೆ ಇನ್ನೊಂದು ಗೇಣು ಎತ್ತಿದಳು.

ಒಳಗೆ ಚರ್ಚೆ ಜೋರಾಗಿತ್ತು. ಮೇಲಿನ ಮೇಜಿಗೆ ಸಮಿತಿಯ ಅಧ್ಯಕ್ಷರು. ನಿವೃತ್ತರು, ಕಿವಿಗೆ ಯಂತ್ರ. ಎಡಕ್ಕೆ ದೊಡ್ಡ ಸರ್ಕಾರದ ಅಧಿಕಾರಿ, ಬಲಕ್ಕೆ ಆಚೆ ಊರಿನ ಸಭೆಯ ಮುಖ್ಯಸ್ಥ.

“ದೇಶಕ್ಕೆಲ್ಲ ಒಂದೇ ಕಾನೂನು ಇರಬೇಕು,” ಅಧಿಕಾರಿ ಹೇಳುತ್ತಿದ್ದ. “ಇಲ್ಲದಿದ್ದರೆ ರಸ್ತೆ ದಾಟಿದವಳು ಅಪರಾಧಿ, ದಾಟದವಳು ನಿರಪರಾಧಿ. ಇದೆಂಥ ನ್ಯಾಯ?”

“ನಮ್ಮ ಬೀದಿಯ ಕಷ್ಟ ನಮಗೆ ಗೊತ್ತು. ರಾಜಧಾನಿಯಲ್ಲಿ ಕೂತವರಿಗೆ ಏನು ಗೊತ್ತು?” ಮುಖ್ಯಸ್ಥ ಮೇಜು ಗುದ್ದಿದ.

ಆಗ ಮಂಚ ಒಳಗೆ ಬಂತು. ಮೇಜಿನ ಮುಂದೆ ಧಡ್ ಎಂದು ಕೂತಿತು. ಅರ್ಧ ಜನ ಮಂಚವನ್ನು ನೋಡಿದರು. ಇನ್ನರ್ಧ ಜನ ತಲೆ ಎತ್ತಿ ಛಾವಣಿ ನೋಡತೊಡಗಿದರು. ಅವರು ಯಾಕೆ ಛಾವಣಿ ನೋಡುತ್ತಿದ್ದಾರೆಂದು ಮೊದಲ ಅರ್ಧಕ್ಕೆ ನಿಧಾನವಾಗಿ ಹೊಳೆಯಿತು. ಎರಡನೇ ಸಾಲಿನಲ್ಲಿ ಸಿಮೆಂಟ್ ಅಂಗಡಿಯವನು ಎದ್ದ, ಕೂತ, ಮತ್ತೆ ಎದ್ದ.

“ಏನಿದು?” ಅಧ್ಯಕ್ಷರು ಕಿವಿಯ ಯಂತ್ರ ತಿರುಗಿಸಿದರು.

“ಮಂಚ,” ಅಂದಳು ಅಕ್ಕ.

“ಪಂಚ? ಯಾವ ಪಂಚರು?”

“ಮಂಚ ಸ್ವಾಮಿ! ಕುರ್ಚಿ ಸಾಲದು ಅಂತ ಬರೆದಿದ್ರಿ. ನಮ್ಮ ಆಸನ ನಾವು ತಂದಿದೀವಿ. ಇನ್ನೂ ಇಬ್ಬರಿಗೆ ಜಾಗ ಇದೆ, ನಿಂತವರು ಯಾರಾದ್ರೂ ಬಂದು ಕೂರಬಹುದು.”

ಯಾರೂ ಬರಲಿಲ್ಲ. ಮೂವರೂ ಮಂಚದ ಮೇಲೆ ಕೂತರು. ಅಕ್ಕ ಕಾಲು ಚಾಚಿ ಮೊಣಕಾಲು ಉಜ್ಜಿಕೊಂಡಳು. ಅಧ್ಯಕ್ಷರು ಒಳ್ಳೆಯವರೇ. ಹೇಗೂ ಬಂದಿದ್ದೀರಿ, ದೊಡ್ಡ ಸರ್ಕಾರ ತೀರ್ಮಾನಿಸಬೇಕೋ ಊರಿನ ಸಭೆಯೋ ಹೇಳಿ ಅಂದರು.

“ಎರಡೂ ಸರ್ಕಾರದವರನ್ನ ನಾನು ಬಲ್ಲೆ ಸ್ವಾಮಿ,” ಅಂದಳು ಅಕ್ಕ. “ದೊಡ್ಡ ಸರ್ಕಾರದವರು ಕಾರಲ್ಲಿ ಬರ್ತಾರೆ. ಊರಿನವರು ಟವೆಲು ಸುತ್ಕೊಂಡು ಬರ್ತಾರೆ. ಒಳಗೆ ಬಂದ ಮೇಲೆ ಇಬ್ಬರೂ ಅಳೋದು ಹೆಂಡತಿ ವಿಷಯವೇ. ನೀವು ಯಾರು ಬೇಕಾದ್ರೂ ತೀರ್ಮಾನ ಮಾಡಿ, ನಮ್ಮನ್ನ ಹೊರಗೆ ನಿಲ್ಲಿಸಿ ಮಾತ್ರ ಮಾಡಬೇಡಿ. ಇವತ್ತು ನಾನು ಬಂದದ್ದು ಅದಕ್ಕಲ್ಲ. ಇವಳ ಕೈ ಮುರಿದಿದೆ. ಮುರಿದವನು ಅಗೋ, ಎರಡನೇ ಸಾಲಲ್ಲಿದಾನೆ. ಅದನ್ನ ಬರ್ಕೊಳ್ಳಿ ಅಂದ್ರೆ ಎರಡು ಊರಲ್ಲೂ ಯಾರಿಗೂ ಬರೆಯೋಕೆ ಬರಲ್ಲ ಅಂತಾರೆ.”

“ಸುಳ್ಳು! ಇವರನ್ನ ನಾನು ನೋಡೇ ಇಲ್ಲ!” ಸಿಮೆಂಟ್ ಅಂಗಡಿಯವನು ಚೀರಿದ.

“ಈ ವಿಷಯ ಸಮಿತಿಯ ವ್ಯಾಪ್ತಿಗೆ ಬರೋದಿಲ್ಲ,” ಅಂದ ದೊಡ್ಡ ಸರ್ಕಾರದ ಅಧಿಕಾರಿ. “ಆದರೆ ಸೀಲು ಒಡೆದದ್ದು, ಸಭೆಗೆ ಅಡ್ಡಿ ಮಾಡಿದ್ದು ಗಂಭೀರ ಅಪರಾಧ. ಕೂಡಲೇ ಕೇಸು ಹಾಕಿ.”

ಕೇಸು ಹಾಕಲು ಎರಡೂ ಊರಿನ ಇನ್ಸ್‌ಪೆಕ್ಟರುಗಳು ಒಟ್ಟಿಗೆ ಮುಂದೆ ಬಂದರು. ಸೀಲು ನಮ್ಮದು ಅಂದ ಒಬ್ಬ. ನಮ್ಮದೂ ಅಂದ ಇನ್ನೊಬ್ಬ. ಇಬ್ಬರ ಬಳಿಯೂ ಪೆನ್ನಿತ್ತು, ಫಾರಂ ಇತ್ತು, ಆತುರವಿತ್ತು. ಐದೇ ನಿಮಿಷದಲ್ಲಿ ಎರಡು ಫಾರಂ ತುಂಬಿ ಅಕ್ಕನ ಮುಂದೆ ಹಿಡಿದರು.

“ಸಹಿ ಹಾಕು.”

ಅಕ್ಕ ಓದಿದಳು. “ಇದೇನು, ‘ಕೃತ್ಯಕ್ಕೆ ಕಾರಣ’ ಅಂತ ಇರೋ ಕಡೆ ‘ದುರುದ್ದೇಶ’ ಅಂತ ಬರೆದಿದೀರಿ?”

“ಹಾಗೇ ಬರೆಯೋದು.”

“ನಾನು ಮಾಡಿದ್ದು ನಿಜ. ಟೇಪು ಕೊಯ್ದೆ, ಮಂಚ ತಂದೆ. ಒಪ್ಕೊಳ್ತೀನಿ, ಜೈಲಿಗೂ ಬರ್ತೀನಿ. ಆದ್ರೆ ಕಾರಣ ಸರಿಯಾಗಿ ಬರೀರಿ. ಇಂಥಾ ದಿನ, ಇಂಥಾ ಮಧ್ಯಾಹ್ನ, ಸಿಮೆಂಟ್ ಅಂಗಡಿಯವನು ಇವಳ ಬಲಗೈ ತಿರುಚಿ ಮುರಿದ. ಎರಡೂ ಠಾಣೆ ದೂರು ತಗೊಳ್ಳಲಿಲ್ಲ. ಅದಕ್ಕೇ ಮಂಚ ತಂದೆ.”

“ಅದನ್ನೆಲ್ಲ ಬರೆಯೋಕಾಗಲ್ಲ.”

“ಹಾಗಾದ್ರೆ ಸಹಿ ಹಾಕಲ್ಲ.”

“ಸಹಿ ಇಲ್ಲದೆ ಫಾರಂ ಪೂರ್ತಿ ಆಗಲ್ಲಮ್ಮ.”

“ನಂಗೇನು ಆತುರ ಇಲ್ಲ.”

ಹೇಳಿ, ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

ಗದರಿಸಿದರು. ಮಲಗೇ ಇದ್ದಳು. ಎತ್ತಿಕೊಂಡು ಹೋಗಿ ಅಂತ ಪೇದೆಗಳಿಗೆ ಹೇಳಿದರು. ಬೊಜ್ಜ, ಕಡ್ಡಿ ಇಬ್ಬರೂ ಕೈ ಮುಗಿದು, ಇನ್ನು ನಮ್ಮ ಕೈಲಾಗದು, ಸೊಂಟ ಹೋಗಿದೆ ಅಂದರು. ಸಭೆ ಮುಂದುವರಿಸೋಣ ಅಂತ ಮುಖ್ಯಸ್ಥ ಭಾಷಣ ಶುರು ಮಾಡಿದ. ಸಂಸ್ಕೃತಿ ಅಂತ ಬಾಯಿ ತೆರೆದ, ಮಂಚದಿಂದ ಉದ್ದನೆಯ ಆಕಳಿಕೆಯೊಂದು ಎದ್ದಿತು. ನೈತಿಕತೆ ಅಂದ, ಮತ್ತೊಂದು. ಆಕಳಿಕೆ ಅಂಟುರೋಗ. ಮೊದಲನೇ ಸಾಲು ಆಕಳಿಸಿತು, ಪತ್ರಿಕೆಯವರು ಆಕಳಿಸಿದರು, ಕೊನೆಗೆ ಅಧ್ಯಕ್ಷರೂ ಬಾಯಿಗೆ ಕೈ ಅಡ್ಡ ಹಿಡಿದರು. ಮುಖ್ಯಸ್ಥ ಕೂತ.

ಒಂದು ಗಂಟೆಯಾಯಿತು. ತಂಗಿ ನೀರು ತಂದು ಮೊದಲು ಮಂಚದ ಮೇಲಿನವರಿಗೆ ಕೊಟ್ಟಳು. ಊಟದ ಹೊತ್ತು ಮೀರುತ್ತಿತ್ತು.

“ಬರೆದು ಮುಗಿಸಿ ಮಾರಾಯ್ರೇ!” ಅಧ್ಯಕ್ಷರು ಸಿಡುಕಿದರು. “ಅಪರಾಧಿ ತನ್ನ ಕಾರಣ ಹೇಳ್ತಿದಾಳೆ. ಬರ್ಕೊಳ್ಳೋದು ನಿಮ್ಮ ಕೆಲಸ ತಾನೇ?”

“ಎರಡೇ ಸಾಲು ಜಾಗ ಇದೆ ಸರ್,” ಅಂದ ಈಚೆ ಊರಿನ ಇನ್ಸ್‌ಪೆಕ್ಟರ್.

“ಅಕ್ಷರ ಚಿಕ್ಕದು ಮಾಡಿ,” ಅಂದಳು ಅಕ್ಕ ಮಲಗಿದಲ್ಲಿಂದಲೇ.

ಅವನು ಬರೆದ. ಅವನು ಬರೆದದ್ದು ನೋಡಿ ಆಚೆ ಊರಿನವನೂ ಬರೆದ, ಇಲ್ಲದಿದ್ದರೆ ಕೇಸು ಈಚೆ ಊರಿನದಾಗಿಬಿಡುತ್ತದಲ್ಲ. ದಿನ, ಹೊತ್ತು, ಬಲಗೈ, ಸಿಮೆಂಟ್ ಅಂಗಡಿಯವನ ಹೆಸರು, ಎಲ್ಲ ಎರಡೂ ಕಾಗದದಲ್ಲಿ ಬಂತು. ಅಕ್ಕ ಪೇಪರಮ್ಮನ ಕೈಯಲ್ಲಿ ಗಟ್ಟಿಯಾಗಿ ಓದಿಸಿದಳು. ಸಭೆಯೆಲ್ಲ ಕೇಳಿತು. ಆಮೇಲೆ ಎದ್ದು ಕೂತು, ಎರಡಕ್ಕೂ ಸಹಿ ಹಾಕಿದಳು.

ಅಕ್ಕನನ್ನು ಎರಡು ದಿನ ಒಳಗಿಟ್ಟರು. ಅನ್ಯಾಯವಾಗಬಾರದು ಅಂತ ಒಂದು ದಿನ ಈಚೆ ಊರಿನ ಲಾಕಪ್ಪಿನಲ್ಲಿ, ಒಂದು ದಿನ ಆಚೆ ಊರಿನ ಲಾಕಪ್ಪಿನಲ್ಲಿ. ಆಚೆ ಊರಿನದರಲ್ಲಿ ತಿಗಣೆ ಕಡಿಮೆ ಅಂತ ಅವಳು ಹೊರಗೆ ಬಂದು ಹೇಳಿದಳು. ಸಮಿತಿ ಯಾವ ತೀರ್ಮಾನಕ್ಕೂ ಬರಲಿಲ್ಲ, ಇನ್ನೊಂದು ಸಮಿತಿ ಬೇಕು ಅಂತ ವರದಿ ಕೊಟ್ಟಿತು. ಮಂಚವನ್ನು ಪುರಭವನದಿಂದ ತೆಗೆಸುವ ಅಧಿಕಾರ ಯಾರದೆಂದು ಪತ್ರವ್ಯವಹಾರ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ಮಧ್ಯಾಹ್ನ ಗುಡಿಸಿ ಮುಗಿಸಿದ ಮೇಲೆ ತಂಗಿ ಅದರ ಮೇಲೆ ಅರ್ಧ ಗಂಟೆ ನಿದ್ದೆ ಮಾಡುವುದು ರೂಢಿಯಾಯಿತು. ಅಕ್ಕ ಹಿಂದಿನ ಬಾಗಿಲಿಂದ ಬಂದು ಅದರ ತುದಿಯಲ್ಲಿ ಕೂರುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದು ಎನ್ನುವಷ್ಟು ಮಾತು.

ಎರಡು ಕಾಗದಗಳೂ ಒಂದೇ ನ್ಯಾಯಾಲಯಕ್ಕೆ ಹೋದವು. ನ್ಯಾಯಾಧೀಶೆ ಓದಿದರು. ಮಂಚ ತಂದವಳ ಸುದ್ದಿ ಇರಲಿ, ಕೈ ಮುರಿದವನೆಲ್ಲಿ ಅಂತ ಕೇಳಿದರು. ಎರಡೂ ಠಾಣೆಯವರು ತಾವೇ ಬರೆದದ್ದನ್ನು ಅಲ್ಲಗಳೆಯಲಾಗಲಿಲ್ಲ. ಸಿಮೆಂಟ್ ಅಂಗಡಿಯವನಿಗೆ ಸಮನ್ಸ್ ಹೋಯಿತು.

ವಿಚಾರಣೆಯ ದಿನ ಗಿಡ್ಡಿ ಕಟಕಟೆ ಹತ್ತಿದಳು. ಪ್ಲಾಸ್ಟರ್ ಬಿಚ್ಚಿದ್ದರು. ಕೈ ಸಣಕಲಾಗಿತ್ತು, ಮಣಿಕಟ್ಟು ಸ್ವಲ್ಪ ವಾಲಿಕೊಂಡು ನಿಂತಿತ್ತು. ಕಟಕಟೆ ಅವಳ ಮೂಗಿನವರೆಗೆ ಬರುತ್ತಿದ್ದರಿಂದ ಒಂದು ಪೆಟ್ಟಿಗೆ ತಂದು ನಿಲ್ಲಿಸಬೇಕಾಯಿತು. ಗುಮಾಸ್ತ ಹೆಸರು ಕೇಳಿದ, ವಯಸ್ಸು ಕೇಳಿದ, ವಿಳಾಸ ಕೇಳಿದ.

“ಕಸುಬು?”

ಗಿಡ್ಡಿ ಹೇಳಿದಳು. ತಗ್ಗಿಸದ ದನಿಯಲ್ಲಿ ಹೇಳಿದಳು.

ಸಿಮೆಂಟ್ ಅಂಗಡಿಯವನ ವಕೀಲ ಚಂಗನೆ ಎದ್ದ. “ಆಕ್ಷೇಪಣೆ ಇದೆ! ಆ ಕಸುಬು ಕಾನೂನುಬದ್ಧವೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನಿಸಬೇಕಾದವರು ಯಾರೆಂದೂ ತೀರ್ಮಾನವಾಗಿಲ್ಲ. ಅದನ್ನು ದಾಖಲೆಯಲ್ಲಿ ಹೇಗೆ ಬರೆಯೋದು?”

ಗುಮಾಸ್ತನ ಪೆನ್ನು ಗಾಳಿಯಲ್ಲಿ ನಿಂತಿತು. ನ್ಯಾಯಾಧೀಶೆಯ ಮುಖ ನೋಡಿದ. ಅವರು ಗಿಡ್ಡಿಯ ಮುಖ ನೋಡಿದರು.

ಗಿಡ್ಡಿ ಪೆಟ್ಟಿಗೆಯ ಮೇಲೆ ತುದಿಗಾಲಲ್ಲಿ ನಿಂತಳು. ವಾಲಿದ ಕೈಯನ್ನು ಎತ್ತಿ ಕಟಕಟೆಯ ಅಂಚಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

“ಆ ಜಾಗ ಖಾಲಿ ಬಿಡಿ ಸ್ವಾಮಿ, ಅವರು ನಿಧಾನಕ್ಕೆ ತುಂಬ್ಕೊಳ್ಳಲಿ. ಇವನು ಮುರಿದದ್ದು ನನ್ನ ಕಸುಬನ್ನಲ್ಲ, ಕೈನ. ಕೈ ಅಂತ ಬರ್ಕೊಳ್ಳಿ.”